ಕಾಲುಚೀಲದಲ್ಲಿ ಹಿಡಿಯುವಷ್ಟು ಕ್ರಿಸ್‌ಮಸ್

ಡಿಸೆಂಬರ್ ತಿಂಗಳ ಮೊದಲ ವಾರ ಅಕ್ಕನ ಮಗಳು ಬರ್ಮಿಂಗ್‌ಹ್ಯಾಮ್‌ನಿಂದ ಫೋನ್ ಮಾಡಿದಳು. ಗಂಡನ ಕೆಲಸದ ನಿಮಿತ್ತ ಮೈಸೂರಿನಿಂದ ಇಂಗ್ಲೆಂಡಿಗೆ ಬಂದು ಇನ್ನೂ ಆರು ತಿಂಗಳಾಗಿಲ್ಲ. ಮನೆಯಲ್ಲಿ ಆರು ವರ್ಷದ ಮಗಳು, ಎರಡು ವರ್ಷದ ಮಗ. "ಮಾಮ, ಇವಳ ಕ್ಲಾಸಿನ ಮಕ್ಕಳೆಲ್ಲ ಸ್ಟಾಕಿಂಗ್ ಸ್ಟಾಕಿಂಗ್ ಅಂತಿದ್ದಾರಂತೆ. ನಮ್ಮನೆಗೂ ಸಾಂತಾ ಬರ್ತಾನಾ ಅಂತ ದಿನಾ ಕೇಳ್ತಾಳೆ. ಅಂಗಡಿಗೆ ಹೋದ್ರೆ ಸಾವಿರ ಥರ ಸಾಮಾನು. ಏನು ಹಾಕ್ಬೇಕು, ನೀವೇ ಹೇಳಿ" ಎಂದಳು. ಇಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆ ನನ್ನದೂ ಆಗಿತ್ತು. ನಾನು ಯಾರನ್ನೂ ಕೇಳಲಿಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಊರಿನಲ್ಲಿರುವ ಓದುಗರಿಗಾಗಿ ಎರಡು ಮಾತು. ಡಿಸೆಂಬರ್ 24ರ ರಾತ್ರಿ ಇಲ್ಲಿಯ ಮಕ್ಕಳು ಉದ್ದನೆಯ ಕಾಲುಚೀಲವೊಂದನ್ನು ಅಗ್ಗಿಷ್ಟಿಕೆಯ ಬಳಿಯೋ ಮಂಚದ ತುದಿಗೋ ತೂಗುಹಾಕಿ ಮಲಗುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಸಣ್ಣಪುಟ್ಟ ಉಡುಗೊರೆಗಳಿಂದ ಉಬ್ಬಿರುತ್ತದೆ. ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಸಂತ ನಿಕೋಲಸನ ಐತಿಹ್ಯಕ್ಕೆ ಈ ಪದ್ಧತಿಯ ಎಳೆ ಹೋಗಿ ಸೇರುತ್ತದೆ. ಬಡ ತಂದೆಯೊಬ್ಬನಿಗೆ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ಹಣವಿಲ್ಲ. ನಿಕೋಲಸನು ರಾತ್ರಿ ಗುಟ್ಟಾಗಿ ಎಸೆದ ಹೊನ್ನು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತಂತೆ. ಆ ಹೊನ್ನಿನ ನೆನಪಿಗೇ ಇಂದಿಗೂ ಚೀಲದ ತುದಿಯಲ್ಲಿ ಒಂದು ಕಿತ್ತಳೆ ಇಡುತ್ತಾರೆಂದು ಹೇಳುವುದುಂಟು. ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಿತ್ತಳೆ ಸಿಗುವುದೇ ದುರ್ಲಭವಾಗಿತ್ತು. ಆಗ ಮಕ್ಕಳಾಗಿದ್ದವರು ಚೀಲದಲ್ಲಿ ಸಿಕ್ಕ ಒಂದು ಹಣ್ಣನ್ನು ಇಂದಿಗೂ ಕಣ್ಣರಳಿಸಿ ವರ್ಣಿಸುತ್ತಾರೆ.

ನಮ್ಮ ತಾಯಿ ಮೊದಲ ಬಾರಿ ಇಲ್ಲಿಗೆ ಬಂದಾಗ ಇದನ್ನು ಕಂಡು, "ಇದೇನು ಹೊಸದಲ್ಲವಲ್ಲ, ಸಂಕ್ರಾಂತಿಯಲ್ಲಿ ಎಲಚಿಹಣ್ಣು ಎರೆದ ಹಾಗೆ" ಎಂದಿದ್ದರು. ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ಪುಟ್ಟ ಮಕ್ಕಳ ತಲೆಯ ಮೇಲೆ ಸುರಿದು ದೃಷ್ಟಿ ತೆಗೆಯುವ ನಮ್ಮ ಶಾಸ್ತ್ರದಲ್ಲೂ ಹಣ್ಣು, ಕಾಸು, ಮಗುವಿನ ಕ್ಷೇಮ ಇವೇ ಇವೆ. ಪರಧರ್ಮದ ಆಚರಣೆ ನಮಗೇಕೆಂಬ ನನ್ನ ಅಳುಕನ್ನು ಅವರ ಆ ಒಂದು ಮಾತು ಕಳೆದಿತ್ತು.

ಇನ್ನು ನನ್ನ ತಪ್ಪಿನ ವಿಷಯ. ಆಗ ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ, ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಓಡಿಹೋಗಿ ಕೈಗೆ ಸಿಕ್ಕ ಅಗ್ಗದ ಸಾಮಾನುಗಳನ್ನೆಲ್ಲ ತಂದು ಮಗಳ ಚೀಲ ತುಂಬಿದ್ದೆ. ಅದರಲ್ಲಿ ಮಿನುಗುವ ದೀಪದ ಕೀಚೈನ್ ಒಂದಿತ್ತು. ಹಬ್ಬದ ಬೆಳಿಗ್ಗೆ ಅದು ಮಗನ ಕೈಯಲ್ಲಿತ್ತು. ಹಿಂದಿನ ಮುಚ್ಚಳ ಕಳಚಿತ್ತು, ಒಳಗಿನ ಬಟನ್ ಬ್ಯಾಟರಿ ಇರಲಿಲ್ಲ. ಮಗ ನಗುತ್ತಲೇ ಇದ್ದ. ಆದರೆ ಆ ನಗುವನ್ನು ನಂಬುವಂತಿಲ್ಲವೆಂದು ಮಕ್ಕಳ ವೈದ್ಯನಾದ ನನಗೆ ಗೊತ್ತಿತ್ತು. ಅವನನ್ನೆತ್ತಿಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಧಾವಿಸಿದೆವು. ಎಕ್ಸ್‌ರೇಯಲ್ಲಿ ನಾಣ್ಯ ಒಂದೇ ವೃತ್ತವಾಗಿ ಕಂಡರೆ, ಬ್ಯಾಟರಿಯ ಅಂಚಿನಲ್ಲಿ ಸಾಮಾನ್ಯವಾಗಿ ಜೋಡಿ ಉಂಗುರ ಕಾಣುತ್ತದೆ. ಎಷ್ಟೋ ಮಕ್ಕಳ ಚಿತ್ರಗಳಲ್ಲಿ ಅದನ್ನು ಹುಡುಕಿದ್ದ ಕಣ್ಣುಗಳಿಂದ ಅಂದು ನನ್ನ ಮಗನ ಚಿತ್ರವನ್ನು ನೋಡಬೇಕಾಯಿತು. ಏನೂ ಇರಲಿಲ್ಲ. ಬ್ಯಾಟರಿ ಸಂಜೆ ಸೋಫಾದ ಕೆಳಗೆ ಸಿಕ್ಕಿತು. ಅಂದು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನುಂಗಿದ ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿಯ ತೇವದಲ್ಲಿ ವಿದ್ಯುತ್ ಹರಿದು ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಗಳಲ್ಲಿ ಗಂಭೀರವಾದ ಸುಟ್ಟಗಾಯವಾಗಬಹುದು, ಜೀವಕ್ಕೂ ಅಪಾಯ. ನಾಣ್ಯದಗಲದ ಲಿಥಿಯಂ ಬ್ಯಾಟರಿಗಳು ಅತ್ಯಂತ ಅಪಾಯಕಾರಿ. ದೀಪ ಹೊತ್ತಿಸಲಾರದಷ್ಟು ಹಳೆಯದಾದ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿದೆಯೆಂಬ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯಬಾರದು, ವಾಂತಿ ಮಾಡಿಸಬಾರದು, ತಿನ್ನಲು ಕುಡಿಯಲು ಕೊಡಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಲ್ಲಿಯ ತುರ್ತು ಸಂಖ್ಯೆ 999, ಕರ್ನಾಟಕದಲ್ಲಿ 108.

ಇಲ್ಲಿ ಆಟಿಕೆಯೆಂದು ಮಾರುವ ವಸ್ತುವಿನ ಬಟನ್ ಬ್ಯಾಟರಿಯನ್ನು ಸ್ಕ್ರೂ ಹಾಕಿ ಭದ್ರಪಡಿಸಿರಬೇಕೆಂಬ ನಿಯಮವಿದೆ. ಹಾಡುವ ಶುಭಾಶಯ ಪತ್ರ, ಮಿನುಗುವ ಟೋಪಿ, ಕೀಚೈನ್‌ಗಳಂಥ ಅಲಂಕಾರದ ವಸ್ತುಗಳಲ್ಲಿ ಆ ಭದ್ರತೆ ಇರುತ್ತದೆಂಬ ಭರವಸೆಯಿಲ್ಲ. ಗೋಲಿಯಂಥ ಪುಟ್ಟ ಶಕ್ತಿಶಾಲಿ ಆಯಸ್ಕಾಂತಗಳನ್ನೂ ದೂರವಿಡಿ. ಎರಡು ನುಂಗಿದರೆ ಕರುಳಿನ ಸುರುಳಿಗಳ ನಡುವೆ ಪರಸ್ಪರ ಸೆಳೆದುಕೊಂಡು ತೂತು ಮಾಡುತ್ತವೆ. ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳು ಹೊಟ್ಟೆಯೊಳಗೂ ಉಬ್ಬುತ್ತವೆ. ಐದು ವರ್ಷದೊಳಗಿನವರಿಗೆ ಇಡಿಯ ಬಾದಾಮಿ, ಗೋಡಂಬಿ, ಕಡಲೆಕಾಯಿ ಬೀಜ ಬೇಡ. ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡವೆಂಬುದು ಸುಲಭದ ಅಳತೆ. ನೆನಪಿಡಿ: ಅಕ್ಕನ ಚೀಲದಲ್ಲಿರುವುದೆಲ್ಲ ತಮ್ಮನ ಬಾಯಿಗೂ ಎಟುಕುತ್ತದೆ.

ಹಾಗಾದರೆ ಏನು ಹಾಕಬೇಕು? ಅಕ್ಕನ ಮಗಳಿಗೆ ನಾನು ಕೊಟ್ಟ ಪಟ್ಟಿ ಇದು. ಎರಡು ವರ್ಷದವನಿಗೆ ದಪ್ಪ ರಟ್ಟಿನ ಪುಟಗಳ ಪುಸ್ತಕ, ಸ್ನಾನದ ತೊಟ್ಟಿಯಲ್ಲಿ ತೇಲುವ ದೋಣಿ, ದಪ್ಪನೆಯ ಬಣ್ಣದ ಕ್ರೇಯಾನು, ಉಣ್ಣೆಯ ಕೈಗವಸು, ಹೊಸ ಹಲ್ಲುಜ್ಜುವ ಬ್ರಷ್. ಆರು ವರ್ಷದವಳಿಗೆ ಇಸ್ಪೀಟಿನಂಥ ಚಿತ್ರದೆಲೆಗಳ ಆಟ, ಭೂತಗನ್ನಡಿ, ಪುಟ್ಟ ನೋಟ್‌ಬುಕ್ಕು, ವಸಂತದಲ್ಲಿ ಬಿತ್ತಲು ಸೂರ್ಯಕಾಂತಿ ಬೀಜದ ಪೊಟ್ಟಣ, ಬಂಗಾರದ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯ. ಇಬ್ಬರಿಗೂ ತುದಿಯಲ್ಲಿ ಕಿತ್ತಳೆ. ಚಿಕ್ಕವನದನ್ನು ತಾಯಿಯೇ ಸುಲಿದು ಬಿಡಿಸಿ ಕೊಡಲಿ. ಇವೆಲ್ಲಕ್ಕಿಂತ ಬೆಲೆಬಾಳುವ, ಆದರೆ ಬಿಡಿಕಾಸೂ ಖರ್ಚಿಲ್ಲದ ವಸ್ತುವೊಂದಿದೆ: ಸಾರ್ವಜನಿಕ ಗ್ರಂಥಾಲಯದ ಕಾರ್ಡು. ಮಕ್ಕಳಿಗೆ ಸದಸ್ಯತ್ವ ಉಚಿತ. ತನ್ನ ಹೆಸರಿರುವ ಕಾರ್ಡು ಕೈಗೆ ಬಂದಾಗ ಮಗು ಬೀಗುವುದನ್ನು ನೋಡಬೇಕು.

ಊರಿನ ಅಜ್ಜ-ಅಜ್ಜಿಯರೂ ಕೈಜೋಡಿಸಬಹುದು. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ದೊಡ್ಡ ಮಗುವಿನ ಚೀಲಕ್ಕೆ ಹೇಳಿ ಮಾಡಿಸಿದಂತಿದೆ. ಚೌಕಾಬಾರದ ಕವಡೆಗಳನ್ನು ಮಾತ್ರ ಚಿಕ್ಕವನಿಂದ ಎತ್ತಿಡಬೇಕು. ಸದ್ಯದ ನಿಯಮದಂತೆ 39 ಪೌಂಡ್ ಮೀರದ ಉಡುಗೊರೆ ಅಂಚೆಯಲ್ಲಿ ಬಂದರೆ ಆಮದಿನ ವ್ಯಾಟ್ ಇಲ್ಲ. ಪೊಟ್ಟಣದಲ್ಲಿ ಕನ್ನಡದಲ್ಲಿ ಬರೆದ ನಾಲ್ಕು ಸಾಲಿನ ಕಾಗದವಿರಲಿ. ಮೊಮ್ಮಗಳು ಅದನ್ನು ಓದಲಾರದಿದ್ದರೆ ತಾಯಿ ಓದಿ ಹೇಳುತ್ತಾಳೆ. ಅಷ್ಟರಮಟ್ಟಿಗೆ ಮನೆಯಲ್ಲಿ ಕನ್ನಡ ಕೇಳಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ದುಬಾರಿ ಉಡುಗೊರೆ ಕೊಡುವುದಾದರೆ ಅದು ಅಪ್ಪ-ಅಮ್ಮನ ಹೆಸರಿನಲ್ಲಿರಲಿ. ಸಾಂತಾ ಚಿಕ್ಕದ್ದನ್ನೇ ತರಲಿ. ರಜೆ ಮುಗಿದು ಶಾಲೆ ತೆರೆದಾಗ ಮಕ್ಕಳು ಸಾಂತಾ ಏನು ತಂದನೆಂದು ಹೋಲಿಸುತ್ತಾರೆ. ನಿಮ್ಮ ಮಗಳಿಗೆ ಸೈಕಲ್ಲು, ಪಕ್ಕದ ಬೆಂಚಿನ ಬಡ ಮಗುವಿಗೆ ಬರಿಯ ಕಿತ್ತಳೆ ತಂದವನು ಒಬ್ಬನೇ ಸಾಂತಾ ಎಂದಾದರೆ, ತಾನೇನು ತಪ್ಪು ಮಾಡಿದೆನೆಂದು ಆ ಮಗು ಕೊರಗುತ್ತದೆ. ಹಾಗೆಯೇ ಸಾಂತಾ ಎಂಬುವನಿಲ್ಲವೆಂಬ ಸತ್ಯವನ್ನು ತರಗತಿಯಲ್ಲಿ ಸಾರದಂತೆ ನಿಮ್ಮ ಮಗುವಿಗೆ ಹೇಳಿಕೊಡಿ. ನಮ್ಮ ಮಗಳು ಸಾರಿ, ನಾವು ಮೂರು ಮನೆಗಳಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದಿದೆ.

ಕೀಚೈನಿನ ಮರುವರ್ಷ ನಾನು ಅಂಗಡಿಗೆ ಓಡಲಿಲ್ಲ. ಹಬ್ಬದ ದಿನ ಡ್ಯೂಟಿ ಇತ್ತು. ಹಿಂದಿನ ರಾತ್ರಿ ಕುಳಿತು ಐದು ಚೀಟಿಗಳನ್ನು ಬರೆದು ಮಗಳ ಚೀಲಕ್ಕೆ ಹಾಕಿದೆ: ಅಪ್ಪನೊಡನೆ ಒಂದು ಭಾನುವಾರ ಈಜು, ಒಂದು ರಾತ್ರಿ ಎರಡು ಕಥೆ, ಹೀಗೆ. ನಾಲ್ಕನ್ನು ಅವಳು ಸಂಕ್ರಾಂತಿಯೊಳಗೇ ವಸೂಲಿ ಮಾಡಿದಳು. ಐದನೆಯದು 'ಅಪ್ಪನೊಡನೆ ರೈಲಿನಲ್ಲಿ ಸಮುದ್ರಕ್ಕೆ'. ಒಂದಲ್ಲ ಒಂದು ಡ್ಯೂಟಿ ಅಡ್ಡ ಬಂದು ಅದು ಮುಂದೆ ಹೋಗುತ್ತಲೇ ಇತ್ತು. ಕಳೆದ ವರ್ಷ ಮನೆ ಬದಲಾಯಿಸುವಾಗ ಆ ಚೀಟಿ ಅವಳ ಹಳೆಯ ಡಬ್ಬಿಯಲ್ಲಿ ಸಿಕ್ಕಿತು. ಅವಳೀಗ ಕೆಲಸಕ್ಕೆ ಹೋಗುತ್ತಾಳೆ. ರಜೆ ಹೊಂದಿಸಿಕೊಳ್ಳಬೇಕಾದವಳು ಈಗ ಅವಳು. ಬರುವ ಏಪ್ರಿಲ್‌ಗೆ ಟಿಕೆಟ್ ಕಾದಿರಿಸಿದ್ದೇವೆ.