ವ್ಯವಸ್ಥಾಪಕರು ಮತ್ತು ಸಿಬ್ಬಂದಿ: ಸಂವಹನದ ಅಗತ್ಯ

ಕಾರ್ಖಾನೆಯಾಗಲಿ ಕಚೇರಿಯಾಗಲಿ, ಆದೇಶವು ಮೇಲಿನಿಂದ ಕೆಳಗಿಳಿಯಲು ಹೆಚ್ಚು ಶ್ರಮ ಬೇಕಿಲ್ಲ. ಸುತ್ತೋಲೆ ಹೊರಡಿಸಿ ಸೂಚನಾ ಫಲಕಕ್ಕೆ ಅಂಟಿಸಿದರೆ ಆ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಕೆಳಹಂತದವರು ಬಲ್ಲ ಸಂಗತಿ ಮೇಲಿನವರ ಕಿವಿಗೆ ತಲುಪುವುದೇ ಕಷ್ಟ. ವ್ಯವಸ್ಥಾಪಕರ ಸಂವಹನ ಕೌಶಲ ಪರೀಕ್ಷೆಗೆ ಒಳಗಾಗುವುದು ಇಲ್ಲಿಯೇ.

1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ 'ಚಾಲೆಂಜರ್' ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರಗೊಂಡು, ಅದರಲ್ಲಿದ್ದ 7 ಮಂದಿಯೂ ಮಡಿದರು. ರಾಕೆಟ್ಟಿನ ಭಾಗಗಳು ಕೂಡುವ ಸಂದನ್ನು ಮುಚ್ಚಬೇಕಾಗಿದ್ದ ರಬ್ಬರ್ ಉಂಗುರವು ಚಳಿಗೆ ಪೆಡಸಾಗಿ, ಬಿಸಿ ಅನಿಲ ಹೊರನುಗ್ಗಿದ್ದು ಇದರ ತಾಂತ್ರಿಕ ಕಾರಣ. ಆದರೆ ಅಪಾಯ ಯಾರಿಗೂ ತಿಳಿಯದುದೇನೂ ಆಗಿರಲಿಲ್ಲ. ಹಿಂದಿನ ರಾತ್ರಿಯೇ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು, ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಉಡಾವಣೆ ಬೇಡವೆಂದು ದೂರವಾಣಿ ಸಭೆಯಲ್ಲಿ ವಾದಿಸಿದ್ದರು. ಬಾಹ್ಯಾಕಾಶ ಸಂಸ್ಥೆಯ ಅಧಿಕಾರಿಗಳು ಇದಕ್ಕೆ ಆಕ್ಷೇಪವೆತ್ತಿದರು. ಆಗ ಕಂಪನಿಯ ವ್ಯವಸ್ಥಾಪಕರು ಸಭೆಯನ್ನು ಸ್ವಲ್ಪ ಹೊತ್ತು ತಡೆಹಿಡಿದು, ತಮ್ಮೊಳಗೆ ಸಮಾಲೋಚಿಸಿ, ಎಂಜಿನಿಯರುಗಳ ಸಲಹೆಯನ್ನು ಬದಿಗಿಟ್ಟು ಒಪ್ಪಿಗೆಯಿತ್ತರು. ಅಂತಿಮ ತೀರ್ಮಾನ ಕೈಗೊಂಡ ಹಿರಿಯ ಅಧಿಕಾರಿಗಳಿಗೆ ಈ ವಿರೋಧದ ಸುದ್ದಿಯೇ ತಲುಪಿರಲಿಲ್ಲವೆಂಬುದನ್ನು ವಿಲಿಯಂ ರೋಜರ್ಸ್ ಅಧ್ಯಕ್ಷತೆಯ ತನಿಖಾ ಆಯೋಗ ಅದೇ ವರ್ಷ ಬಯಲಿಗೆ ತಂದಿತು. ಸಭೆ, ಕಡತ, ದೂರವಾಣಿಗಳಿಗೇನೂ ಅಲ್ಲಿ ಕೊರತೆಯಿರಲಿಲ್ಲ!

ನಮ್ಮ ದೇಶದಲ್ಲಿ 1984ರ ಭೋಪಾಲ್ ಅನಿಲ ದುರಂತದ ತರುವಾಯ, 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ತಿದ್ದುಪಡಿ ತರಲಾಯಿತು. ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳು ಆ ಅಪಾಯಗಳ ವಿವರವನ್ನು ಕಾರ್ಮಿಕರಿಗೆ ತಿಳಿಸಬೇಕೆಂದು ಅದು ವಿಧಿಸಿತು. ಸನ್ನಿಹಿತ ಅಪಾಯವನ್ನು ಶಂಕಿಸಿದ ಕಾರ್ಮಿಕರು ಅದನ್ನು ವ್ಯವಸ್ಥಾಪಕರ ಗಮನಕ್ಕೆ ತರುವ ಹಕ್ಕನ್ನೂ ನೀಡಿತು.

ಹಕ್ಕು ಕಾಗದದ ಮೇಲಿದ್ದರೂ ಒಮ್ಮೆ ಗದರಿಸಿಕೊಂಡ ಕಾರ್ಮಿಕ ಎರಡನೆಯ ಬಾರಿ ಬಾಯಿ ತೆರೆಯುವುದು ಅಪರೂಪ. ಆದುದರಿಂದ ದೂರು ತಂದವರನ್ನು ನಿಂತು ಆಲಿಸುವುದು, ಕೈಗೊಂಡ ಕ್ರಮವನ್ನು ಅವರಿಗೇ ತಿಳಿಸುವುದು, ಕ್ರಮ ಸಾಧ್ಯವಿಲ್ಲದಿದ್ದರೆ ಕಾರಣ ಹೇಳುವುದು ವ್ಯವಸ್ಥಾಪಕರ ನಿತ್ಯದ ಕೆಲಸದ ಭಾಗವೇ ಆಗಬೇಕು. ಮುಂಬಯಿ, ಪುಣೆ, ಚೆನ್ನೈಗಳಂತಹ ನಗರಗಳಲ್ಲಿ ಒಂದೇ ಯಂತ್ರದ ಸುತ್ತ ಮೂರು ನಾಲ್ಕು ಭಾಷೆಯವರು ದುಡಿಯುವುದುಂಟು. ಅಲ್ಲಿ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. "ಅರ್ಥವಾಯಿತೆ?" ಎಂದು ಕೇಳಿದರೆ ಸಂಕೋಚದಿಂದ ಹೌದೆಂದು ತಲೆಯಾಡಿಸುವವರೇ ಹೆಚ್ಚು. ಯಂತ್ರವನ್ನು ಯಾವಾಗ ನಿಲ್ಲಿಸಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಅವರ ಬಾಯಿಂದಲೇ, ಅವರ ನುಡಿಯಲ್ಲೇ ಹೇಳಿಸಿ ಕೇಳುವುದು ಮೇಲು.