ಫೋಕಸ್ ಪಾಯಿಂಟ್ ಸರಿದರೆ ಬೆಳಕೇಕೆ ಬದಲಾಗುತ್ತದೆ?

ಕಿಟಕಿಗೆ ಬೆನ್ನು ಹಾಕಿ ಕುಳಿತವರ ಫೋಟೊ ತೆಗೆಯಲು ಮೊಬೈಲ್ ಹಿಡಿಯಿರಿ. ಹೊರಗಿನ ತೆಂಗಿನಮರ ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಕುಳಿತವರ ಮುಖ ಮಾತ್ರ ಕಪ್ಪು. ಆ ಮುಖದ ಮೇಲೆ ಬೆರಳಿಟ್ಟರೆ ಮುಖ ಬೆಳಗುತ್ತದೆ, ತೆಂಗಿನಮರ ಬಿಳಿಯಲ್ಲಿ ಕರಗಿಹೋಗುತ್ತದೆ. ಬೆರಳಿಟ್ಟದ್ದು ಫೋಕಸ್‌ಗೆಂದು, ಬದಲಾದದ್ದು ಬೆಳಕು. ದೊಡ್ಡ ಕ್ಯಾಮೆರಾಗಳಲ್ಲೂ ಇದೇ ನಡೆಯುತ್ತದೆ, ಅದೂ ಅನೇಕ ಸಲ ನಮಗೆ ಗೊತ್ತಾಗದಂತೆ.

ನಿಜಕ್ಕೂ ಇವೆರಡೂ ಬೇರೆ ಬೇರೆ ಕೆಲಸಗಳು. ಫೋಕಸ್ ಎಂಬುದು ದೂರದ ಲೆಕ್ಕ. ಲೆನ್ಸಿನ ಎರಡು ಅಂಚುಗಳಿಂದ ಒಳಬಂದ ಬೆಳಕು ಒಂದೇ ಕಡೆ ಕೂಡಿದೆಯೇ ಎಂದು ಕ್ಯಾಮೆರಾ ನೋಡುತ್ತದೆ. ಕೂಡದಿದ್ದರೆ ಎಷ್ಟು ತಪ್ಪಿದೆಯೋ ಅಷ್ಟು ಲೆನ್ಸನ್ನು ಸರಿಸುತ್ತದೆ. ಎಕ್ಸ್‌ಪೋಷರ್ ಬೆಳಕಿನ ಲೆಕ್ಕ: ಅಪರ್ಚರ್ ಎಷ್ಟು ತೆರೆಯಬೇಕು, ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಸೆನ್ಸರ್‌ನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು (ಐಎಸ್‌ಒ) ಎಂಬುದು. ಈ ಎರಡು ಲೆಕ್ಕಗಳಿಗೆ ಗಂಟು ಹಾಕಿದವರು ಕ್ಯಾಮೆರಾ ವಿನ್ಯಾಸಕಾರರು. ಹಾಗೆ ಹಾಕಿದ್ದಕ್ಕೆ ಗಟ್ಟಿಯಾದ ಕಾರಣವೂ ಇತ್ತು.

ಕ್ಯಾಮೆರಾದ ಮೀಟರ್ ಅಳೆಯುವುದು ವಸ್ತುವಿನಿಂದ ಮರಳಿ ಬಂದ ಬೆಳಕನ್ನು ಮಾತ್ರ. ಇದ್ದಿಲು ಬಿಸಿಲಿನಲ್ಲಿದೆಯೋ, ಬಿಳಿ ಬಟ್ಟೆ ನೆರಳಿನಲ್ಲಿದೆಯೋ ಅದಕ್ಕೆ ತಿಳಿಯುವ ದಾರಿಯಿಲ್ಲ. ಎರಡರಿಂದಲೂ ಬರುವ ಬೆಳಕು ಅಷ್ಟಷ್ಟೇ ಇರಬಹುದು. ಆದ್ದರಿಂದ ಅದು ಒಂದು ಊಹೆಯ ಮೇಲೆ ನಡೆಯುತ್ತದೆ: ಎದುರಿಗಿರುವುದು ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದ್ದು. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನ ಶೇ. 18ರಷ್ಟನ್ನು ಹಿಂತಿರುಗಿಸುತ್ತದೆ, ಮೀಟರಿನ ಊಹೆಯೂ ಅದರ ಆಸುಪಾಸಿನಲ್ಲೇ ಇದೆ. ಹೊಸದಾಗಿ ಬಿದ್ದ ಹಿಮ ಶೇ. 80ಕ್ಕಿಂತ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅಂದರೆ ಮೀಟರ್ ಊಹಿಸಿದ್ದರ ನಾಲ್ಕು ಪಟ್ಟಿಗೂ ಹೆಚ್ಚು. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್. ನಾಲ್ಕು ಪಟ್ಟು ಎಂದರೆ ಎರಡು. ಹಿಮಾಲಯಕ್ಕೆ ಹೋಗಿ ಬಂದವರ ಫೋಟೊಗಳಲ್ಲಿ ಹಿಮ ಮಂಕಾಗಿ ಬೂದಿಯ ಬಣ್ಣಕ್ಕೆ ಇಳಿದಿರುವುದು ಇದರಿಂದಲೇ. ಎಮ್ಮೆಯ ಮೈ ಚೌಕಟ್ಟನ್ನು ತುಂಬಿದರೆ ಇದರ ತಿರುಗುಮುರುಗು: ಕಪ್ಪು ಮಾಸಿ ಬೂದಾಗುತ್ತದೆ. ಎರಡೂ ಕಡೆ ಮೀಟರ್ ಕೆಟ್ಟಿಲ್ಲ, ತನ್ನ ಊಹೆಗೆ ನಿಷ್ಠವಾಗಿದೆ.

ಈ ಕುರುಡನ್ನು ಕಳೆಯಲು ಬಹಳ ಶ್ರಮ ನಡೆದಿದೆ. ಲೆನ್ಸಿನ ಮೂಲಕವೇ ಬೆಳಕನ್ನು ಅಳೆಯುವ ಮೊದಲ ಎಸ್‌ಎಲ್‌ಆರ್ ಕ್ಯಾಮೆರಾ, ಟಾಪ್‌ಕಾನ್ ಆರ್‌ಇ ಸೂಪರ್, 1963ರಲ್ಲಿ ಬಂತು. ಆಮೇಲಿನ ಅನೇಕ ಕ್ಯಾಮೆರಾಗಳು ಚೌಕಟ್ಟಿನ ನಡುಭಾಗಕ್ಕೆ ಹೆಚ್ಚು ತೂಕ ಕೊಟ್ಟವು, ಮುಖ್ಯವಾದದ್ದು ನಡುವೆಯೇ ಇರುತ್ತದೆಂಬ ನಂಬಿಕೆಯಿಂದ. 1983ರ ನಿಕಾನ್ ಎಫ್‌ಎ ಚೌಕಟ್ಟನ್ನು ಐದು ಭಾಗಗಳಾಗಿ ಸೀಳಿ, ಒಂದೊಂದರ ಬೆಳಕನ್ನೂ ಬೇರೆಯಾಗಿ ಅಳೆದು ಹೋಲಿಸಿತು. 1996ರ ನಿಕಾನ್ ಎಫ್5ರಲ್ಲಿ ಮೀಟರಿಗೇ 1,005 ಬಿಂದುಗಳ ಬಣ್ಣ ಗ್ರಹಿಸುವ ಸೆನ್ಸರ್ ಇತ್ತು. ಆದರೂ ಒಂದು ಪ್ರಶ್ನೆ ಉಳಿಯಿತು: ಇಷ್ಟು ಬಿಂದುಗಳಲ್ಲಿ ಛಾಯಾಗ್ರಾಹಕನಿಗೆ ಬೇಕಾದದ್ದು ಯಾವುದು? ಅದರ ಸುಳಿವು ಕ್ಯಾಮೆರಾದೊಳಗೇ ಇತ್ತು. ಎಲ್ಲಿ ಫೋಕಸ್ ಮಾಡಿದ್ದಾನೋ ಅವನಿಗೆ ಬೇಕಾದದ್ದೂ ಅಲ್ಲೇ ಇರಬೇಕು. ಹೀಗೆ ಇಡೀ ಚೌಕಟ್ಟನ್ನು ತೂಗುವ ಮೀಟರಿಂಗ್‌ನಲ್ಲಿ ಫೋಕಸ್ ಪಾಯಿಂಟ್ ಇರುವ ಭಾಗಕ್ಕೆ ಹೆಚ್ಚು ತೂಕ ಬಂತು. ನಿಕಾನ್ ಇದನ್ನು ಮ್ಯಾಟ್ರಿಕ್ಸ್ ಎನ್ನುತ್ತದೆ, ಕ್ಯಾನನ್ ಇವ್ಯಾಲ್ಯುಯೇಟಿವ್ ಎನ್ನುತ್ತದೆ.

ಮೀಟರಿನ ಊಹೆಯ ಪರಿಣಾಮವನ್ನು ಯಕ್ಷಗಾನದ ರಂಗಸ್ಥಳದಷ್ಟು ಕಠಿಣವಾಗಿ ತೋರಿಸುವ ಜಾಗ ನನಗೆ ಬೇರೆ ಗೊತ್ತಿಲ್ಲ. ಬಯಲಾಟದಲ್ಲಿ ಸುತ್ತ ಕತ್ತಲು, ನಡುವೆ ಪ್ರಖರ ದೀಪ, ಅದರಡಿ ಬಣ್ಣದ ವೇಷ. ಚೌಕಟ್ಟಿನ ಬಹುಪಾಲು ಕತ್ತಲೆಯೇ ಇದ್ದರೆ ಸರಾಸರಿ ತೆಗೆಯುವ ಮೀಟರ್ ಆ ಕತ್ತಲನ್ನು ಬೂದು ಮಾಡಲು ಹೊರಡುತ್ತದೆ. ವೇಷಕ್ಕೆ ಒಪ್ಪುವ ಶಟರ್ ವೇಗ ಸೆಕೆಂಡಿನ 1/250 ಭಾಗ ಎಂದಿಟ್ಟುಕೊಳ್ಳಿ. ಮೀಟರ್ 1/30 ಕೇಳಬಹುದು. ಅದು ಮೂರು ಸ್ಟಾಪ್, ಎಂಟು ಪಟ್ಟು ಬೆಳಕು. ಮೊದಲು ಸುಟ್ಟುಹೋಗುವುದು ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಇಟ್ಟ ಅಕ್ಕಿಹಿಟ್ಟು, ಸುಣ್ಣದ ಬಿಳಿ ಚುಟ್ಟಿ. ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಒಂದೊಂದಾಗಿ ಇಟ್ಟ ಆ ಚುಕ್ಕಿಗಳು ಬರೀ ಬಿಳಿ ಕಲೆಯಾಗಿಬಿಡುವುದು ಸಣ್ಣ ನಷ್ಟವಲ್ಲ. ಡಿಜಿಟಲ್ ಚಿತ್ರದಲ್ಲಿ ಹೀಗೆ ಪೂರ್ತಿ ತುಂಬಿಹೋದ ಬಿಳಿಯಿಂದ ವಿವರವನ್ನು ಮರಳಿ ತೆಗೆಯಲಾಗದು. 1/30ರಲ್ಲಿ ಗಿರಗಿರನೆ ತಿರುಗುವ ಧೀಂಗಿಣವಂತೂ ಪೂರ್ತಿ ಮಸುಕು.

ಹಾಗಾದರೆ ಸ್ಪಾಟ್ ಮೀಟರಿಂಗ್ ಬಳಸೋಣ ಎನ್ನಿಸುತ್ತದೆ. ಅದು ಚೌಕಟ್ಟಿನ ಶೇ. 1.5ರಿಂದ 5ರಷ್ಟನ್ನು ಮಾತ್ರ ನೋಡುತ್ತದೆ, ಉಳಿದುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಯಾವ ಭಾಗ? ಇಲ್ಲಿ ಕಂಪನಿಯಿಂದ ಕಂಪನಿಗೆ ದಾರಿ ಬೇರೆ. ನಿಕಾನ್‌ಗಳಲ್ಲಿ ನಾವು ಆಯ್ದ ಫೋಕಸ್ ಪಾಯಿಂಟ್ ಎಲ್ಲಿ ಸರಿದರೂ ಸ್ಪಾಟ್ ವೃತ್ತ ಜೊತೆಗೇ ಸರಿಯುತ್ತದೆ. ಕ್ಯಾನನ್‌ನ ಬಹಳಷ್ಟು ಮಾದರಿಗಳಲ್ಲಿ ವೃತ್ತ ಚೌಕಟ್ಟಿನ ನಡುವಿನಿಂದ ಕದಲುವುದಿಲ್ಲ. ವೇಷಧಾರಿಯನ್ನು ಎಡ ಅಂಚಿನಲ್ಲಿಟ್ಟು ಮುಖಕ್ಕೆ ಫೋಕಸ್ ಮಾಡಿದರೆ ನಿಕಾನ್ ಮುಖದ ಬೆಳಕನ್ನು ಅಳೆಯುತ್ತದೆ, ಆ ಕ್ಯಾನನ್ ನಡುವಿನ ಕತ್ತಲನ್ನು. ಒಂದೇ ಜಾಗ, ಒಂದೇ ದೀಪ, ಚಿತ್ರಗಳು ಮಾತ್ರ ಪೂರ್ತಿ ಬೇರೆ. ಕೈಪಿಡಿಯಲ್ಲಿ ಮೊದಲು ಓದಬೇಕಾದ ಪುಟ ಇದು ಎಂದು ನನ್ನ ನಂಬಿಕೆ. ಅಳತೆ ಮುಖದ ಮೇಲೆಯೇ ಬಿದ್ದರೂ ಬೂದಿನ ಊಹೆ ಬಿಟ್ಟುಹೋಗುವುದಿಲ್ಲ. ಬಿಳಿ ಹೆಚ್ಚಿರುವ ಮುಖಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್‌ನಲ್ಲಿ ಸುಮಾರು ಒಂದು ಸ್ಟಾಪ್ ಕೂಡಿಸಬೇಕು. ವೇಷದ ಕಪ್ಪು ಅಂಗಿಯ, ಅಂದರೆ ದಗಲೆಯ ಮೇಲೆ ಅಳೆದರೆ ಒಂದೂವರೆ, ಎರಡು ಸ್ಟಾಪ್ ಕಳೆಯಬೇಕು.

ಇನ್ನೊಂದು ಗೊಂದಲ ಶಟರ್ ಗುಂಡಿಯನ್ನು ಅರ್ಧ ಒತ್ತುವುದರಲ್ಲಿದೆ. ನಡುವಿನ ಪಾಯಿಂಟ್‌ನಿಂದ ಮುಖಕ್ಕೆ ಫೋಕಸ್ ಮಾಡಿ, ಅರ್ಧ ಒತ್ತಿ ಹಿಡಿದು, ಚೌಕಟ್ಟನ್ನು ಪಕ್ಕಕ್ಕೆ ತಿರುಗಿಸುವುದು ಹಳೆಯ ರೂಢಿ. ಫೋಕಸ್ ಅಲ್ಲಿಗೇ ಬೀಗ ಹಾಕಿಕೊಳ್ಳುತ್ತದೆ. ಬೆಳಕಿನ ಅಳತೆಯೂ ಬೀಗ ಹಾಕಿಕೊಳ್ಳುವುದೇ? ಕ್ಯಾನನ್‌ನ ಒನ್ ಶಾಟ್ ಫೋಕಸ್, ಇವ್ಯಾಲ್ಯುಯೇಟಿವ್ ಮೀಟರಿಂಗ್ ಜೊತೆಯಾಗಿದ್ದರೆ ಸಾಮಾನ್ಯವಾಗಿ ಹೌದು. ಸ್ಪಾಟ್‌ಗೆ ಬಂದರೆ ಇಲ್ಲ. ತಿರುಗಿಸಿದ ಮೇಲೆ ನಡುವಿನಲ್ಲಿ ಏನು ಬಂತೋ ಅದರ ಬೆಳಕನ್ನು ಕ್ಯಾಮೆರಾ ಹೊಸದಾಗಿ ಅಳೆಯುತ್ತದೆ. ಎಕ್ಸ್‌ಪೋಷರ್‌ಗೇ ಬೇರೆ ಲಾಕ್ ಗುಂಡಿ ಕ್ಯಾಮೆರಾದ ಹಿಂಬದಿಯಲ್ಲಿ, ಹೆಬ್ಬೆರಳಿಗೆ ಸಿಗುವ ಹಾಗೆ ಇರುವುದು ಇದಕ್ಕೇ.

ರಂಗಸ್ಥಳದ ದೀಪ ಆಟದುದ್ದಕ್ಕೂ ಹೆಚ್ಚು ಬದಲಾಗದಿದ್ದರೆ ಇನ್ನೂ ಸರಳ ಉಪಾಯವಿದೆ. ವೇಷ ದೀಪದಡಿ ಬಂದಾಗ ಒಮ್ಮೆ ಮುಖವನ್ನು ಅಳೆದು, ಒಂದು ಚಿತ್ರ ತೆಗೆದು, ಬಿಳಿ ಬಣ್ಣದಲ್ಲಿ ವಿವರ ಉಳಿದಿದೆಯೇ ಎಂದು ಪರದೆಯಲ್ಲಿ ನೋಡಿ, ಶಟರ್ ಮತ್ತು ಅಪರ್ಚರನ್ನು ಮ್ಯಾನುಯಲ್ ಮೋಡ್‌ನಲ್ಲಿ ಕಟ್ಟಿಬಿಡುವುದು. ಆಮೇಲೆ ಫೋಕಸ್ ಪಾಯಿಂಟ್ ಭಾಗವತರ ಮೇಲೆ ಹೋಗಲಿ, ಚೆಂಡೆಯ ಮೇಲೆ ಹೋಗಲಿ, ಅದು ದೂರದ ಲೆಕ್ಕವನ್ನಷ್ಟೇ ಮಾಡುತ್ತದೆ. ಆದರೆ ಐಎಸ್‌ಒ ಆಟೊದಲ್ಲಿ ಉಳಿದಿರಬಾರದು. ಉಳಿದಿದ್ದರೆ ಮ್ಯಾನುಯಲ್ ಮೋಡ್‌ನಲ್ಲೂ ಮೀಟರ್ ಐಎಸ್‌ಒವನ್ನು ಏರಿಸಿ ಇಳಿಸಿ, ಫೋಕಸ್ ಪಾಯಿಂಟ್ ಹೋದಲ್ಲೆಲ್ಲ ಬೆಳಕನ್ನು ಮತ್ತೆ ಬದಲಾಯಿಸುತ್ತದೆ.