ಮೇಲೆ ಸ್ಟೇಷನ್, ಕೆಳಗೆ ಆಟದ ರೈಲು

ಲಂಡನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿರುವ ಬ್ರೈಟನ್‌ಗೆ ಜನ ಹೋಗುವುದು ಸಮುದ್ರ ನೋಡೋಕೆ. ಸ್ಟೇಷನ್‌ನಿಂದ ಹೊರಬಿದ್ದವರು ಇಳಿಜಾರಿನ ರಸ್ತೆ ಹಿಡಿದು ನೇರವಾಗಿ ತೀರದ ಕಡೆ ನಡೆದುಬಿಡುತ್ತಾರೆ. ಅದರ ಬದಲು ಎಡಕ್ಕೆ ತಿರುಗಿ ಟ್ರಫಾಲ್ಗರ್ ಸ್ಟ್ರೀಟ್‌ಗೆ ಇಳಿದರೆ, ಸ್ಟೇಷನ್ ಮುಂದಿನ ಅಂಗಳವನ್ನು ಹೊತ್ತು ನಿಂತಿರುವ ವಿಕ್ಟೋರಿಯಾ ಕಾಲದ ಇಟ್ಟಿಗೆ ಕಮಾನುಗಳು ಸಿಗುತ್ತವೆ. ಅಂಥ ನಾಲ್ಕು ಕಮಾನುಗಳ ಒಳಗೆ ಒಂದು ಮ್ಯೂಸಿಯಂ ಇದೆ: ಬ್ರೈಟನ್ ಟಾಯ್ ಅಂಡ್ ಮಾಡೆಲ್ ಮ್ಯೂಸಿಯಂ. ಮೇಲೆ ನಿಜವಾದ ರೈಲು ಹಿಡಿಯೋಕೆ ಜನ ಓಡುತ್ತಿರುತ್ತಾರೆ. ಕೆಳಗೆ ತಗಡಿನ ರೈಲುಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತವೆ.

ಹಳೆಯ ಆಟದ ರೈಲುಗಳನ್ನು ರಿಪೇರಿ ಮಾಡುವುದರಲ್ಲಿ, ಮಾದರಿ ಎಂಜಿನ್ ಕಟ್ಟುವುದರಲ್ಲಿ ಪಳಗಿದ ಕ್ರಿಸ್ ಲಿಟಲ್‌ಡೇಲ್ ಎಂಬವರು ಇದನ್ನು 1991ರಲ್ಲಿ ಶುರುಮಾಡಿದರು. ಇವತ್ತು ಇಲ್ಲಿ 10,000ಕ್ಕೂ ಹೆಚ್ಚು ಆಟಿಕೆ ಮತ್ತು ಮಾದರಿಗಳಿವೆ. ಇದು ಸರ್ಕಾರದ ಮ್ಯೂಸಿಯಂ ಅಲ್ಲ, ಒಂದು ಚಾರಿಟಿ. ನಡೆಯುತ್ತಿರುವುದು ಸಂಬಳವಿಲ್ಲದೆ ಬಂದು ದುಡಿಯುವ ವಾಲಂಟಿಯರ್‌ಗಳ ಕೈಯಲ್ಲಿ.

ಅಪ್ಪನ ಆರು ತಿಂಗಳು

ನಾನು ಅಲ್ಲಿಗೆ ಹೋಗಿದ್ದು ಅಪ್ಪನ ಕಾರಣಕ್ಕೆ. ವಿದೇಶದಲ್ಲಿ ಕೆಲಸ ಮಾಡುವ ಮಕ್ಕಳಿಗೆಲ್ಲ ಈ ಕಥೆ ಗೊತ್ತು. ಅಪ್ಪ ಅಮ್ಮ ಆರು ತಿಂಗಳು ಅಂತ ಬರುತ್ತಾರೆ. ಮೊದಲ ಎರಡು ವಾರ ಲಂಡನ್ ಐ, ಅರಮನೆ, ಸೇತುವೆ ಎಲ್ಲ ಮುಗಿಯುತ್ತದೆ. ಆಮೇಲೆ ನಾವು ಲ್ಯಾಪ್‌ಟಾಪ್ ಮುಂದೆ, ಅವರು ಕಿಟಕಿ ಮುಂದೆ.

ನನ್ನಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಮೀಟರ್‌ಗೇಜ್ ಕಾಲದಲ್ಲಿ ಕೆಲಸಕ್ಕೆ ಸೇರಿ, ಬ್ರಾಡ್‌ಗೇಜ್ ಕಾಲದಲ್ಲಿ ರಿಟೈರ್ ಆದರು. ಅಂಥವರಿಗೆ ನಮ್ಮ ಫ್ಲ್ಯಾಟಿನಲ್ಲಿ ಮಾಡೋಕೆ ಇದ್ದದ್ದು ಒಂದೇ ಕೆಲಸ, ಬಾಗಿಲಿನ ತಿರುಗಣಿಗೆ ಎಣ್ಣೆ ಹಾಕುವುದು. ಅದನ್ನು ಮೂರು ಸಲ ಮಾಡಿಯಾಗಿತ್ತು. "ಮನ್ಯಾಗ ಕುಂತು ಕುಂತು ಸಾಕಾಗೇದ, ಎಲ್ಲಿಗರ ಕರಕೊಂಡು ಹೋಗೋ" ಅಂದರು ಒಂದು ಶನಿವಾರ.

ನಮ್ಮ ಅದೃಷ್ಟಕ್ಕೆ ಆ ವಾರಾಂತ್ಯ ಮ್ಯೂಸಿಯಂನ ಟ್ರೇನ್ ರನ್ನಿಂಗ್ ದಿನ. ಮ್ಯೂಸಿಯಂನ ನಡುಮಧ್ಯ 1930ರ ದಶಕದ ಶೈಲಿಯ ಒಂದು ದೊಡ್ಡ ಹಳಿಜಾಲ ಇದೆ. ಸ್ಟೇಷನ್ನು, ಸಿಗ್ನಲ್ಲು, ಬೋಗಿ ಎಲ್ಲ ಆ ಕಾಲದ ಆಟಿಕೆಗಳೇ. ಅದು ದಿನಾ ಓಡುವುದಿಲ್ಲ, ವರ್ಷದಲ್ಲಿ ಕೆಲವೇ ದಿನ. ನಮ್ಮಲ್ಲಿ ದಸರಾ ಬಂದಾಗ ಅಟ್ಟದಿಂದ ಪಟ್ಟದ ಗೊಂಬೆ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಒಂಬತ್ತು ದಿನ ಕೂರಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಗೊಂಬೆಗಳು ಓಡುತ್ತವೆ.

ಅಪ್ಪ ಬಾಗಿಲಲ್ಲೇ ನಿಂತರು. "ಗೇಜ್ ಎಷ್ಟಂತ ಕೇಳು" ಅಂದರು.

ಮೂರು ಹಳಿ ಯಾಕೆ?

ಆ ದೊಡ್ಡ ಹಳಿಜಾಲದ್ದು 'ಓ' ಗೇಜ್. ಹಳಿಗಳ ನಡುವೆ 32 ಮಿಲಿಮೀಟರ್. ಇವತ್ತು ಬ್ರಿಟನ್ನಿನ ಮನೆಗಳಲ್ಲಿ ಹೆಚ್ಚು ಕಾಣುವ 'ಡಬಲ್ ಓ' ಗೇಜ್ 16.5 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ. ಅಪ್ಪನ ಮೀಟರ್‌ಗೇಜ್ 1,000 ಮಿಲಿಮೀಟರ್, ಬ್ರಾಡ್‌ಗೇಜ್ 1,676. ಆಟಿಕೆ ಕಂಪನಿಗಳು ಒಂದು ಅಳತೆಗೆ ಒಪ್ಪದೇ ಹೋಗಿದ್ದರೆ ಒಬ್ಬರ ಎಂಜಿನ್ ಇನ್ನೊಬ್ಬರ ಹಳಿಯ ಮೇಲೆ ಓಡುತ್ತಲೇ ಇರಲಿಲ್ಲ. ಈ ಅಳತೆಗಳ ಪದ್ಧತಿಗೆ ಅಡಿಪಾಯ ಹಾಕಿದ್ದು ಜರ್ಮನಿಯ ಮಾರ್ಕ್ಲಿನ್ ಕಂಪನಿ, 1891ರ ಲೈಪ್‌ಜಿಗ್ ಮೇಳದಲ್ಲಿ.

ಹಳೆಯ ಎಲೆಕ್ಟ್ರಿಕ್ ಆಟದ ರೈಲುಗಳಲ್ಲಿ ನಡುವೆ ಮೂರನೇ ಹಳಿ ಇರುತ್ತದೆ. ಈ ಮೂರನೇದು ಯಾಕೆ? ಕಾರಣ ಸರಳ. ಚಕ್ರ ಲೋಹದ್ದು, ಎರಡು ಚಕ್ರ ಸೇರಿಸುವ ಆಕ್ಸಲ್ ಕೂಡ ಲೋಹದ್ದು. ಒಂದು ಹಳಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಟ್ಟರೆ ಎಂಜಿನ್ ಇಟ್ಟ ತಕ್ಷಣ ಶಾರ್ಟ್ ಸರ್ಕ್ಯೂಟ್. ಅದಕ್ಕೇ ಹೊರಗಿನ ಎರಡೂ ಹಳಿಗಳನ್ನು ಒಂದೇ ಕಡೆಯ ಸಂಪರ್ಕ ಮಾಡಿ, ನಡುವಿನ ಹಳಿಯಲ್ಲಿ ಕರೆಂಟ್ ಹರಿಸುತ್ತಿದ್ದರು. ಎಂಜಿನ್ನಿನ ಹೊಟ್ಟೆಯಡಿಯ ಒಂದು ಪಟ್ಟಿ ಆ ಹಳಿಯನ್ನು ಉಜ್ಜುತ್ತಾ ಹೋಗುತ್ತದೆ. ರೈಲು ಸುತ್ತು ಹಾಕಿ ಅದೇ ದಾರಿಗೆ ಮರಳಿ ಸೇರಿದರೂ ತೊಂದರೆ ಇಲ್ಲ. ಚಕ್ರಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಇನ್ಸುಲೇಷನ್ ಬಂದಮೇಲೆಯೇ ಎರಡು ಹಳಿ ಸಾಧ್ಯವಾಯಿತು. ಹಾರ್ನ್‌ಬಿಯ ಡಬಲ್ ಓ ರೈಲುಗಳು ಎರಡು ಹಳಿಗೆ ಬದಲಾಗಿದ್ದು 1959ರಲ್ಲಿ.

1925ರಲ್ಲಿ ಬಂದ ಹಾರ್ನ್‌ಬಿಯ ಮೊದಲ ಎಲೆಕ್ಟ್ರಿಕ್ ರೈಲಂತೂ ಮನೆಯ ಮೇನ್ಸ್ ಕರೆಂಟಿನಲ್ಲೇ ಓಡುತ್ತಿತ್ತು. ನಡುವೆ ಇದ್ದದ್ದು ಒಂದು ಬಲ್ಬ್ ಅಷ್ಟೇ. ಮಕ್ಕಳ ಕೈಗೆ ಅದನ್ನು ಕೊಟ್ಟ ಕಾಲವೂ ಒಂದಿತ್ತು ನೋಡಿ!

ಒಬ್ಬ ಗುಮಾಸ್ತನ ಕಂಪನಿ

ಫ್ರಾಂಕ್ ಹಾರ್ನ್‌ಬಿ ಲಿವರ್‌ಪೂಲಿನಲ್ಲಿ ಮಾಂಸ ಆಮದು ಮಾಡುವ ಒಬ್ಬ ವ್ಯಾಪಾರಿಯ ಬಳಿ ಗುಮಾಸ್ತನಾಗಿದ್ದವನು. ತೂತುಗಳಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸಿ ಕ್ರೇನು, ಸೇತುವೆ ಕಟ್ಟುವ ಆಟಿಕೆಗೆ 1901ರಲ್ಲಿ ಪೇಟೆಂಟ್ ತೆಗೆದುಕೊಂಡ. ಅದೇ ಮುಂದೆ 'ಮೆಕ್ಯಾನೋ' ಆಯಿತು. ನಮ್ಮಲ್ಲೂ ಹಳೆಯ ಮನೆಗಳ ಕಪಾಟಿನಲ್ಲಿ ಒಂದು ಹಸಿರು-ಕೆಂಪು ಮೆಕ್ಯಾನೋ ಡಬ್ಬಿ ಸಿಕ್ಕರೆ ಆಶ್ಚರ್ಯವಿಲ್ಲ.

ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಮಕ್ಕಳು ಆಡುತ್ತಿದ್ದ ತಗಡಿನ ರೈಲುಗಳಲ್ಲಿ ಹೆಚ್ಚಿನವು ಜರ್ಮನಿಯವು. ಯುದ್ಧದ ನಂತರ ಜರ್ಮನ್ ಮಾಲು ಯಾರಿಗೂ ಬೇಡವಾಯಿತು. ಆ ಖಾಲಿ ಜಾಗಕ್ಕೆ 1920ರಲ್ಲಿ ಹಾರ್ನ್‌ಬಿ ಕೀಲಿ ಕೊಟ್ಟು ಓಡಿಸುವ ರೈಲು ತಂದ. ಮುಂದೆ ಸಂಸತ್ತಿಗೂ ಆರಿಸಿ ಹೋದ. 1936ರಲ್ಲಿ ತೀರಿಕೊಂಡ. ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲಿ ಮುಚ್ಚಿತು.

ಆಟಿಕೆಯ ಕಥೆಯಲ್ಲಿ ಕಣ್ಣೀರೂ ಇದೆ. ನ್ಯೂರೆಂಬರ್ಗ್‌ನ ಬಿಂಗ್ ಒಂದು ಕಾಲಕ್ಕೆ ಜಗತ್ತಿನ ಅತಿದೊಡ್ಡ ಆಟಿಕೆ ಕಂಪನಿಗಳಲ್ಲಿ ಒಂದು. 1930ರ ದಶಕದ ಆರಂಭದಲ್ಲಿ ಅದು ಕುಸಿಯಿತು. ಆ ಯಹೂದಿ ಕುಟುಂಬದ ಸ್ಟೀಫನ್ ಬಿಂಗ್ 'ಟ್ರಿಕ್ಸ್' ಎಂಬ ಹೊಸ ಹೆಸರಿನಲ್ಲಿ ಪುಟ್ಟ ರೈಲುಗಳನ್ನು ತಂದ. ನಾಜಿಗಳ ಕಾಲದಲ್ಲಿ ಎಲ್ಲ ಬಿಟ್ಟು ಇಂಗ್ಲೆಂಡಿಗೆ ಬರಬೇಕಾಯಿತು. ಗಾಜಿನ ಹಿಂದಿನ ಬಣ್ಣಬಣ್ಣದ ಎಂಜಿನ್ ನೋಡುವಾಗ ಇದೆಲ್ಲ ಹೊಳೆಯುವುದಿಲ್ಲ.

ಹೆಸರು ಮಜಾಕ್, ಕಾಯಿಲೆ ನಿಜ

ಹಳೆಯ ಆಟಿಕೆ ರೈಲುಗಳಿಗೆ ಒಂದು ರೋಗವಿದೆ. ಎರಕದ ಚಕ್ರ, ಚೌಕಟ್ಟುಗಳನ್ನು ಸತುವಿನ ಮಿಶ್ರಲೋಹದಿಂದ ಮಾಡುತ್ತಿದ್ದರು. ಬ್ರಿಟನ್ನಿನಲ್ಲಿ ಅದರ ಹೆಸರು 'ಮಜಾಕ್'. ನಾನು ನಕ್ಕೆ, ಆದರೆ ವಿಷಯ ನಗುವಂಥದ್ದಲ್ಲ. ಎರಕ ಹೊಯ್ಯುವಾಗ ಸ್ವಲ್ಪವೇ ಸೀಸ ಬೆರೆತುಹೋದರೂ ಸಾಕು, ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಇದಕ್ಕೆ ಔಷಧಿ ಇಲ್ಲ. ಹಳೆಯ ಚಕ್ರ ತೆಗೆದು ಹೊಸದು ಹಾಕುವುದೊಂದೇ ದಾರಿ.

ಅಂದರೆ ಯಾರಾದರೂ ಕೂತು ಅದನ್ನು ಬಿಚ್ಚಬೇಕು. ಬಣ್ಣ ಕೆಡದ ಹಾಗೆ ತಗಡಿನ ನಾಲಗೆಗಳನ್ನು ಬಿಡಿಸಬೇಕು. ನೂರು ವರ್ಷದ ತಗಡನ್ನು ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಕೀಲಿಯ ಸ್ಪ್ರಿಂಗ್ ದಣಿದಿದೆಯೋ, ಗ್ರೀಸ್ ಗಟ್ಟಿಯಾಗಿದೆಯೋ ಅಂತ ಶಬ್ದದಲ್ಲೇ ಗುರುತಿಸಬೇಕು. ಇದನ್ನು ಯೂಟ್ಯೂಬ್ ನೋಡಿ ಅರ್ಧ ಕಲಿಯಬಹುದು. ಉಳಿದರ್ಧ ಪಕ್ಕದಲ್ಲಿ ಕೂತು ನೋಡಿಯೇ ಬರಬೇಕು.

ಕೀಲಿ ಕೊಡುವ ಕೈ

ಅವತ್ತು ಹಳಿಜಾಲದ ಒಳಗಡೆ ನಿಂತು ರೈಲು ಓಡಿಸುತ್ತಿದ್ದವರಲ್ಲಿ ತಲೆ ನರೆಯದವರು ಒಬ್ಬಿಬ್ಬರು. ಒಂದು ತಿರುವಿನಲ್ಲಿ ಬೋಗಿ ಹಳಿ ತಪ್ಪಿತು. ಒಬ್ಬರು ಬಂದು, ಬೆರಳಿನಿಂದ ಮೆಲ್ಲಗೆ ಎತ್ತಿ ಕೂರಿಸಿದರು. ಅಪ್ಪ ತಡೆಯಲಾಗದೆ ಮುಂದೆ ಬಂದು, ಆ ಬೋಗಿಯ ಚಕ್ರ ತೋರಿಸಿ, ಎರಡು ಬೆರಳು ಅಗಲಿಸಿ ಕುಗ್ಗಿಸಿ ಏನೋ ಸನ್ನೆ ಮಾಡಿದರು. ಚಕ್ರಗಳ ನಡುವಿನ ಅಂತರ ಸರಿಯಿಲ್ಲ ಅಂತ. ಆ ಹಿರಿಯರು ಬೋಗಿ ತಿರುಗಿಸಿ ನೋಡಿದರು. ತಲೆಯಾಡಿಸಿದರು. ಆಮೇಲೆ ನನ್ನ ಅನುವಾದದ ಅಗತ್ಯ ಇಬ್ಬರಿಗೂ ಬೀಳಲಿಲ್ಲ. ಅಪ್ಪನಿಗೆ ಬರುವುದು ವರ್ಕ್‌ಶಾಪ್ ಇಂಗ್ಲಿಷ್: ಬೇರಿಂಗ್, ಆಕ್ಸಲ್, ಲೂಸ್, ಟೈಟ್. ಅಷ್ಟು ಸಾಕಾಯಿತು. ನಾನು ಮೊಬೈಲ್ ನೋಡುತ್ತ ಒಂದು ಬೆಂಚಿನ ಮೇಲೆ ಕೂತೆ.

ವಾಪಸ್ ಬರುವಾಗ ರೈಲಿನಲ್ಲಿ ಅಪ್ಪ ಕೇಳಿದರು, "ಅವ್ರಿಗೆ ಪಗಾರ ಎಷ್ಟೋ?" ಇಲ್ಲ, ಪುಕ್ಕಟೆ ಕೆಲಸ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅವ್ರನ್ನ ಯಾರೂ ರಿಟೈರ್ ಮಾಡಾಂಗಿಲ್ಲ" ಅಂದರು.

ಇಂಥ ಮ್ಯೂಸಿಯಂಗಳ ಬಗ್ಗೆ ನಾನು ಯೋಚಿಸುತ್ತಿದ್ದದ್ದು ವಸ್ತುಗಳ ಲೆಕ್ಕದಲ್ಲಿ. ಆದರೆ ಅವು ನಿಂತಿರುವುದು ಕೈಗಳ ಮೇಲೆ. ಟಿಕೆಟ್ ಕೊಡುವ ಕೈ, ಗಾಜು ಒರೆಸುವ ಕೈ, ಕ್ಯಾಟಲಾಗ್ ಬರೆಯುವ ಕೈ, ಕೀಲಿ ಎಷ್ಟು ಸುತ್ತು ಕೊಡಬೇಕು ಅಂತ ಗೊತ್ತಿರುವ ಕೈ. ಮೊದಲ ಮೂರು ಹೇಗೋ ಸಿಗುತ್ತವೆ. ನಾಲ್ಕನೆಯದು ಇನ್ನೊಬ್ಬರಿಗೆ ದಾಟದಿದ್ದರೆ, ಓಡುವ ರೈಲು ಕಪಾಟಿನ ರೈಲಾಗಿ ಉಳಿಯುತ್ತದೆ. ಮಾಲೀಕತನ ಕುಟುಂಬದ್ದಾದರೂ, ವಾಲಂಟಿಯರ್‌ಗಳದ್ದಾದರೂ ಪ್ರಶ್ನೆ ಇದೇ. ಪುಣೆಯ ಕೋಥ್ರೂಡ್‌ನಲ್ಲಿ ಜೋಶಿ ಕುಟುಂಬ 1998ರಿಂದ ನಡೆಸುತ್ತಿರುವ ಪುಟ್ಟ ರೈಲುಗಳ ಮ್ಯೂಸಿಯಂ ಇದೆ. ಅಲ್ಲೂ ಒಬ್ಬರ ಹವ್ಯಾಸವನ್ನು ಮುಂದಿನವರು ಕೈಗೆತ್ತಿಕೊಂಡಿದ್ದಕ್ಕೇ ರೈಲು ಇನ್ನೂ ಓಡುತ್ತಿದೆ.

ಅಪ್ಪ ಈಗ ಊರಲ್ಲಿದ್ದಾರೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ಮ್ಯೂಸಿಯಂ ಶುರುವಾಗಿದೆಯಲ್ಲ, ಆಗಾಗ ಸಂಜೆ ಅಲ್ಲಿಗೆ ಹೋಗುತ್ತಾರಂತೆ. ಯಾರೂ ಕೇಳದಿದ್ದರೂ ಮಕ್ಕಳಿಗೆ ಮೀಟರ್‌ಗೇಜ್ ಪಾಠ. ಅಮ್ಮನ ದೂರು, ಊಟಕ್ಕೆ ಲೇಟು.

ಹೋಗುವುದಾದರೆ

ಬ್ರೈಟನ್ ಸ್ಟೇಷನ್‌ನಿಂದ ಮ್ಯೂಸಿಯಂಗೆ ನಡಿಗೆ ಕೆಲವೇ ನಿಮಿಷ. ಮ್ಯೂಸಿಯಂ ವಾರದ ಎಲ್ಲ ದಿನ ತೆರೆದಿರುತ್ತದೆ ಅಂದುಕೊಳ್ಳಬೇಡಿ, ಹೊರಡುವ ಮುನ್ನ ಸಮಯ ನೋಡಿಕೊಳ್ಳಿ. ಆದಷ್ಟು ಟ್ರೇನ್ ರನ್ನಿಂಗ್ ದಿನವೇ ಹೋಗಿ. ಡಬಲ್ ಓ ಗೇಜಿನಲ್ಲಿ ಸೌತ್ ಡೌನ್ಸ್ ಗುಡ್ಡಗಳನ್ನು ಕಟ್ಟಿರುವ ಇನ್ನೊಂದು ಹಳಿಜಾಲವೂ ಇದೆ, ಮಕ್ಕಳಿದ್ದರೆ ಅಲ್ಲಿಂದ ಬೇಗ ಕದಲುವುದಿಲ್ಲ. ನಮ್ಮ ಕಡೆ ಇರುವವರಿಗೆ 1979ರಿಂದ ಇರುವ ಮೈಸೂರಿನ ರೈಲ್ವೆ ಮ್ಯೂಸಿಯಂ ಇದ್ದೇ ಇದೆ. ಅಲ್ಲಿರುವುದು ಆಟಿಕೆಯಲ್ಲ, ನಿಜವಾದ ಎಂಜಿನ್ನುಗಳು.

ಅಪ್ಪ ಅಮ್ಮ ನಿಮ್ಮಲ್ಲಿಗೆ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಸೆಲ್ಫಿ ತೆಗೆಯೋಕೆ ಅವಸರ ಮಾಡಬೇಡಿ. ಅವರು ಯಾವುದರ ಮುಂದೆ ನಿಲ್ಲುತ್ತಾರೆ ಅಂತ ಸುಮ್ಮನೆ ನೋಡಿ.